ತಮ್ಮನ ಮೀನೆಣ್ಣೆ

1978ರಲ್ಲಿ ನನ್ನ ತಮ್ಮ ಸದಾನಂದನಿಗೆ ದಿನಕ್ಕೊಂದು ಚಮಚ ಮೀನೆಣ್ಣೆ ಕುಡಿಸುವುದು ನನ್ನ ಕೆಲಸವಾಗಿತ್ತು. ನಾನು ಕುಡಿಸಲಿಲ್ಲ.

ನಮ್ಮದು ಕಾಪುವಿನ ಕಡಲಬದಿಯ ಮನೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ನಾನು, ಅಮ್ಮ ಬುಟ್ಟಿ ಹೊತ್ತು ಮೀನು ಮಾರಲು ಹೋದಾಗ ತಮ್ಮನನ್ನು ನೋಡಿಕೊಳ್ಳುತ್ತಿದ್ದೆ. ಹೊತ್ತು ಮುಳುಗಿದರೆ ಅವನು ಗೋಡೆ ತಡವುತ್ತಿದ್ದ. ಕಣ್ಣಾಮುಚ್ಚಾಲೆಯಲ್ಲಿ ನಾವು ಎದುರಿಗೇ ನಿಂತರೂ ಅವನಿಗೆ ಸಿಗುತ್ತಿರಲಿಲ್ಲ, ನಾವು ನಗುತ್ತಿದ್ದೆವು. ಉಡುಪಿಯ ಡಾಕ್ಟರು, "ಇದು ಇರುಳುಗುರುಡು. ವಿಟಮಿನ್ ಎ ಸಾಲದು" ಎಂದು ಮೀನಿನ ಲಿವರಿನ ಎಣ್ಣೆಯ ಬಾಟಲಿ ಕೊಟ್ಟರು.

ತಮ್ಮ ಹಲ್ಲು ಕಚ್ಚಿ ಕೂತ. "ವಾಸನೆ ಅಕ್ಕಾ! ಇದು ದೋಣಿಗೆ ಬಳಿಯುವ ಎಣ್ಣೆ."

ನನಗೂ ಹಾಗೇ ಅನಿಸಿತು. ಮರ ಹಾಳಾಗದಂತೆ ದೋಣಿಗೆ ಮೀನೆಣ್ಣೆ ಬಳಿಯುವುದನ್ನು ಹುಟ್ಟಿದಾಗಿನಿಂದ ನೋಡಿದವರು ನಾವು. ಅದು ಕಣ್ಣಿಗೆ ಎಂತ ಮಾಡೀತು? ದಿನಾ ಒಂದು ಚಮಚ ಅಪ್ಪನ ದೋಣಿಯ ಮೂತಿಗೆ ಬಳಿದೆ. "ಈ ಸಲ ಹಲಗೆಗೆ ಎಂಥಾ ಹೊಳಪು ಮಾರಾಯ್ತಿ!" ಎಂದು ಅಪ್ಪ ಅಮ್ಮನಿಗೆ ತೋರಿಸಿದರು.

ಬಾಟಲಿ ಖಾಲಿಯಾದ ವಾರವೇ, ಮುಸ್ಸಂಜೆಯಲ್ಲಿ ತಮ್ಮ ಅದೇ ದೋಣಿಗೆ ಹೋಗಿ ಗುದ್ದಿದ. ಹುಬ್ಬು ಒಡೆಯಿತು. ಡಾಕ್ಟರು ಹೊಲಿಗೆ ಹಾಕಿ, "ಎಣ್ಣೆ ಕುಡಿದೂ ಗುಣ ಆಗಲಿಲ್ವಾ? ಹೀಗೇ ಬಿಟ್ಟರೆ ಹಗಲೂ ಕಾಣಲಿಕ್ಕಿಲ್ಲ" ಎಂದರು. ತಮ್ಮ ನನ್ನತ್ತ ನೋಡಿ, "ನಾನು ಕುಡಿದಿದ್ದೇನೆ" ಎಂದ.

ಹೊಸ ಬಾಟಲಿ ಬಂತು. ಮೂಗು ಹಿಡಿದು ಕುಡಿಸಿದೆ, ಮೇಲೊಂದು ತುಂಡು ಬೆಲ್ಲ. ನುಗ್ಗೆಸೊಪ್ಪು, ಪಪ್ಪಾಯಿ ಬೇಡವೆಂದರೂ ಬಿಡಲಿಲ್ಲ. "ನೀನು ಅಕ್ಕನಾ, ಪೊಲೀಸಾ?" ಎಂದು ಓಡುತ್ತಿದ್ದ.

ಕೆಲವು ವಾರ ಕಳೆದು ಒಂದು ಮುಸ್ಸಂಜೆ ದೋಣಿಯ ಹಿಂದೆ ಅಡಗಿದ್ದೆ. "ಅಕ್ಕಾ, ನಿನ್ನ ಜಡೆ ಕಾಣ್ತಾ ಉಂಟು!" ಎಂದು ಕೂಗಿದ. ಆಟದಲ್ಲಿ ಸೋತು ನಾನು ಅಷ್ಟು ಕುಣಿದದ್ದು ಅದೊಂದೇ ಸಲ. ಆದರೂ ನಿಜ ಹೇಳಲು ಬಾಯಿ ಬರಲಿಲ್ಲ.

ಹತ್ತು ವರ್ಷದ ಮೇಲೆ ಅವನು ಸ್ವಂತ ದೋಣಿ ಕಟ್ಟಿಸಿದ. ಎಣ್ಣೆ ಬಳಿಯಲು ಮನೆಯವರೆಲ್ಲ ಸೇರಿದ್ದೆವು. ಅವನು ಎಣ್ಣೆಬಟ್ಟೆಯನ್ನು ನನ್ನ ಕೈಗೆ ತುರುಕಿ, "ಮೂತಿಯನ್ನು ಅಕ್ಕನಿಗೇ ಬಿಡಿ. ಅವಳಿಗೆ ಅನುಭವ ಉಂಟು" ಎಂದ.

"ಅವಳಿಗೆ ಎಂತ ಅನುಭವ?" ಅಮ್ಮ ಕೇಳಿದರು.

ಅವನು ನಗುತ್ತಲೇ ಇದ್ದ. ಹುಬ್ಬಿನ ಮೇಲಿನ ಹಳೆಯ ಗೆರೆ ಬಿಸಿಲಿಗೆ ಕಾಣುತ್ತಿತ್ತು. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ತಪ್ಪಾಯ್ತು ಸದಾ. ನಿನ್ನ ಕಣ್ಣಿನ ಮದ್ದನ್ನು ನಾನು ದೋಣಿಗೆ ಕುಡಿಸಿದೆ."