ಟೀಚರಮ್ಮನ ಎರಡನೆಯ ವರ್ಷ

ಈ ವರ್ಷದ ಆಗಸ್ಟ್ ಹನ್ನೊಂದು. ಆಕರ: ಕಂಟೋನ್ಮೆಂಟಿನ ಒಂದು ಕಾಲೇಜು ಅಚ್ಚು ಹಾಕಿಸಿದ್ದ, ಆಪ್ತಸಮಾಲೋಚನೆಯ ಸ್ನಾತಕೋತ್ತರ ಕೋರ್ಸಿನ ಪ್ರವೇಶ ಕೈಪಿಡಿ. ಕಪಾಟಿನಲ್ಲಿ ಬೇರೇನೋ ಹುಡುಕುವಾಗ ಕೈಗೆ ಬಂದ ಇದನ್ನು ತೆರೆದೊಡನೆ ಲೋಬಾನದ ಧೂಪದ ವಾಸನೆ ಬಂದಂತಾಯಿತು. ಖಚಿತಪಡಿಸಿಕೊಳ್ಳಲು ಹೆಂಡತಿಯ ಕೈಗೆ ಕೊಟ್ಟೆ. “ಬರೀ ಧೂಳು ಕಣ್ರೀ” ಎಂದಳು. ನನಗೆ ಮಾತ್ರ ಲೋಬಾನವೇ...

ಕೈಪಿಡಿ ನನ್ನದಲ್ಲ. ನಾವು ಹಲಸೂರಿನಲ್ಲಿ ಬಾಡಿಗೆಗಿದ್ದ ಕಾಲದಲ್ಲಿ ಮೇಲಿನ ಮಹಡಿಯಲ್ಲಿದ್ದ ಟೀಚರಮ್ಮನದು. ಅವರು ಶಿವಾಜಿನಗರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದರು. ಮನೆಮಾತು ತಮಿಳು, ಕನ್ನಡವನ್ನೂ ದಖ್ಖನಿಯನ್ನೂ ಬೀದಿಯಲ್ಲಿ ಕಲಿತು, ಮೂರರಲ್ಲೂ ಸಮಾನ ವೇಗದಿಂದ ಜಗಳವಾಡಬಲ್ಲವರಾಗಿದ್ದರು. ಐವತ್ತರ ಹತ್ತಿರ ಬಂದಾಗ ಸಂಜೆಯ ಕೋರ್ಸಿಗೆ ಸೇರಿದರು. ಈ ವಯಸ್ಸಿನಲ್ಲಿ ಏಕೆ ಎಂದು ಕೇಳಿದ್ದೆ.

“ಲೆಕ್ಕ ಕೇಳೋಕೆ ಬರೋ ಮಕ್ಳಿಗಿಂತ ಅಳೋಕೆ ಬರೋರೇ ಜಾಸ್ತಿ ಸರ್. ನೀರು ಕುಡಿಸಿ ವಾಪಸ್ ಕಳಿಸ್ತೀನಿ. ಅದಕ್ಕಿಂತ ಹೆಚ್ಗೆ ನಂಗೇನ್ ಬರುತ್ತೆ?”

ಆಗ ಯಾವ ಪದವಿಯಿದ್ದರೂ, ಪಾಠ ಹೇಳಿದ ಅನುಭವವಿದ್ದರೆ ಆ ಕೋರ್ಸಿಗೆ ಸೇರಬಹುದಿತ್ತು. ಆದರೆ ಎರಡನೆಯ ವರ್ಷಕ್ಕೆ ನೋಂದಾಯಿಸಿಕೊಳ್ಳಲು ಮೊದಲ ವರ್ಷದ ಪ್ರಾಯೋಗಿಕ ತರಬೇತಿ ಮುಗಿದಿರಬೇಕು. ಸಮಾಲೋಚನೆಗೆ ಬಂದವರ ಸಹಿ ಪಡೆದು ಅವರ ಮಾತುಗಳನ್ನು ಧ್ವನಿಮುದ್ರಿಸಿ ಸಲ್ಲಿಸಿರಬೇಕು. ಟೀಚರಮ್ಮನಿಗೆ ಸಿಕ್ಕಿದ್ದು ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯ ಪುಟ್ಟ ದವಾಖಾನೆ. ಸಂಜೆಯಾದರೆ ಪಕ್ಕದ ಅಂಗಡಿಗಳ ಲೋಬಾನದ ಹೊಗೆ ಒಳಗೆಲ್ಲ ತುಂಬುತ್ತಿತ್ತಂತೆ. ಬರುತ್ತಿದ್ದ ಹೆಂಗಸರು ಗಂಟೆಗಟ್ಟಲೆ ಮಾತನಾಡುತ್ತಿದ್ದರು; ರೆಕಾರ್ಡರ್ ಕಂಡೊಡನೆ ಬಾಯಿ ಮುಚ್ಚುತ್ತಿದ್ದರು. ಒಬ್ಬಾಕೆ ಹೇಳಿದ್ದನ್ನು ಟೀಚರಮ್ಮ ಆಕೆಯ ಧಾಟಿಯಲ್ಲೇ ನನಗೆ ಒಪ್ಪಿಸಿದ್ದರು: “ಬಂದ್ ಮಾಡಿ ಅಕ್ಕಾ ಅದು. ನಮ್ದು ಮನೆಯವ್ರು ಬಾಗಿಲ ಹಿಂದೆ ನಿಂತ್ಕೊಂಡು ಕೇಳೋದು ಸಾಲ್ದಾ?”

ಟೀಚರಮ್ಮ ಯಂತ್ರವನ್ನು ಚೀಲಕ್ಕೆ ಹಾಕಿಬಿಟ್ಟರು. ಪ್ರತಿ ರಾತ್ರಿ ಕೇಳಿದ್ದನ್ನು ನೆನಪಿನಿಂದ, ಹೆಸರುಗಳನ್ನು ಬಿಟ್ಟು, ಬರೆದಿಟ್ಟರು. ಪ್ರತಿ ವರದಿಯ ನೆತ್ತಿಯಲ್ಲೂ “ಧ್ವನಿಮುದ್ರಣ ಮಾಡಿಲ್ಲ. ಅವರು ಬೇಡವೆಂದರು” ಎಂದು ಕಾಣಿಸಿ ಸಲ್ಲಿಸಿದರು. ಉತ್ತರ ತಪ್ಪಿದ್ದರೂ ಸರಿಯಾದ ಹಂತಗಳಿಗೆ ಜೀವನವಿಡೀ ಅಂಕ ಕೊಟ್ಟುಬಂದ ಗಣಿತದ ಟೀಚರು. ತಮಗೂ ಹಾಗೆಯೇ ಸಿಗುತ್ತದೆಂದು ನಂಬಿದ್ದರು. ವಿಭಾಗವು ತರಬೇತಿ ನಡೆದೇ ಇಲ್ಲವೆಂದು ತೀರ್ಮಾನಿಸಿತು.

ಉಳಿದವರು ಹೇಗೆ ತೇರ್ಗಡೆಯಾದರು ಎಂಬುದು ಗುಟ್ಟೇನೂ ಆಗಿರಲಿಲ್ಲ. ಇಂದಿರಾನಗರದ ಸಹಪಾಠಿಯೊಬ್ಬಳು ಫೋನಿನಲ್ಲಿ ನೀಡಿದ ಸಲಹೆ ಸ್ಪೀಕರಿನಲ್ಲಿ ನನಗೂ ಕೇಳಿಸಿತು. “ನಮ್ಮನೆಗ್ ಬಂದ್ಬಿಡಿ ಮೇಡಂ. ನಾನು ಅಳ್ತೀನಿ, ನೀವು ರೆಕಾರ್ಡ್ ಮಾಡ್ಕೊಳ್ಳಿ. ನಾವೆಲ್ಲ ಹಂಗೇ ಮಾಡಿದ್ದು. ಡೈವೋರ್ಸ್ ಬೇಕಾ, ಡಿಪ್ರೆಶನ್ನಾ, ಯಾವ್ದು ಬೇಕು ಹೇಳಿ!”

“ನೀನು ಚೆನ್ನಾಗಿ ಅಳ್ತೀಯಮ್ಮಾ, ಗೊತ್ತು” ಎಂದು ಟೀಚರಮ್ಮ ನಕ್ಕು ಫೋನ್ ಇಟ್ಟರು. ಹೋಗಲಿಲ್ಲ.

ಆಮೇಲೆ ಕೈಪಿಡಿ ತಂದು ನನ್ನ ಮುಂದಿಟ್ಟರು. “ಹಳೇ ಕಲ್ಲಿನ ಶಾಸನ ಓದೋರು ನೀವು. ಇದ್ರಲ್ಲಿ ದಾರಿ ಇದ್ಯಾ ನೋಡಿ ಸರ್.” ನೋಂದಣಿ ಒಮ್ಮೆ ತಪ್ಪಿದರೆ ಸೀಟು ರದ್ದು, ಮತ್ತೆ ಹೊಸದಾಗಿ ಅರ್ಜಿ ಹಾಕಬೇಕು. ಆದರೆ ಆ ವರ್ಷದಿಂದ ಹೊಸಬರಿಗೆ ಮನಶ್ಶಾಸ್ತ್ರದ ಪದವಿ ಕಡ್ಡಾಯವಾಗಿತ್ತು, ಟೀಚರಮ್ಮನದು ಗಣಿತ. ಅಂದರೆ ಈಗ ಹೊರಬಿದ್ದರೆ ಎಂದೆಂದಿಗೂ ಹೊರಗೇ. ಕೊನೆಯ ಪುಟಗಳಲ್ಲಿ ಒಂದು ಉಪನಿಯಮ ಸಿಕ್ಕಿತು: ವಿಭಾಗದ ಮುಖ್ಯಸ್ಥರು ಒಪ್ಪಿದರೆ, ತರಬೇತಿ ಪೂರೈಸಲು ಆರು ತಿಂಗಳ ಕಾಲಾವಕಾಶ. ಅದರಡಿ ಪೆನ್ಸಿಲಿನಿಂದ ಗೆರೆ ಎಳೆದೆ. ಮೇಲಿನ ಮಹಡಿಯಿಂದ ಅಂದು ಕೇಸರಿಬಾತು ಬಂತು.

ಜುಲೈ ಒಂಬತ್ತರ ಮಧ್ಯಾಹ್ನ ಇಬ್ಬರೂ ಹೋದೆವು. ಮುಖ್ಯಸ್ಥೆ ಸೌಜನ್ಯದಿಂದ ಕೂರಿಸಿದರು, ಚಹಾ ತರಿಸಿದರು, ಉಪನಿಯಮವನ್ನು ತಲೆಯಾಡಿಸುತ್ತ ಓದಿದರು. ಅರ್ಧ ಗಂಟೆ ಟೀಚರಮ್ಮನ ಮಾತು ಕೇಳಿದರು. ಅಷ್ಟು ತಾಳ್ಮೆಯಿಂದ ಕೇಳುವವರನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ಕೊನೆಗೆ, ಬೇರೆಯವರಿಗೆ ಇಲ್ಲದ ವಿನಾಯಿತಿ ನಿಮಗೆ ಕೊಡಲಾಗದು ಎಂದರು. ಆಮೇಲೆ ದನಿ ತಗ್ಗಿಸಿ, ಮುಂದಕ್ಕೆ ಬಾಗಿ ಕೇಳಿದರು:

“ಈಗ ನಿಮಗೆ ಹೇಗನ್ನಿಸ್ತಿದೆ ಮೇಡಂ?”

ಅದು ಅವರು ಮೊದಲ ತಿಂಗಳು ತರಗತಿಯಲ್ಲಿ ಕಲಿಸಿದ ಪ್ರಶ್ನೆಯಂತೆ. ಟೀಚರಮ್ಮ ಚಹಾದ ಲೋಟ ಕೆಳಗಿಟ್ಟರು. “ಇದನ್ನೂ ರೆಕಾರ್ಡ್ ಮಾಡ್ಕೋತಿದ್ದೀರಾ?” ಎಂದರು. ಉತ್ತರಕ್ಕೆ ಕಾಯಲಿಲ್ಲ.

ಆ ದವಾಖಾನೆಗೆ ಅವರು ಮತ್ತೆ ಹೋಗಲಿಲ್ಲ. ವಿದ್ಯಾರ್ಥಿನಿಯಲ್ಲದವರಿಗೆ ಅಲ್ಲಿ ಕೂರಲು ಅನುಮತಿ ಇರಲಿಲ್ಲ. ಗಲ್ಲಿಯ ಹೆಂಗಸರು ಕೆಲವು ವಾರ ಬಂದು ವಿಚಾರಿಸಿದರಂತೆ, ಆಮೇಲೆ ಅವರೂ... ನಿವೃತ್ತಿಯವರೆಗೆ ಟೀಚರಮ್ಮ ಗಣಿತವನ್ನೇ ಕಲಿಸಿದರು. ನಾವು ದೊಮ್ಮಲೂರಿಗೆ ಮನೆ ಬದಲಿಸಿದೆವು. ಅವರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಆ ಸಹಪಾಠಿ ಈಗ ಹೆಸರುವಾಸಿ ಸಮಾಲೋಚಕಿ. ಇಂದಿರಾನಗರದಲ್ಲಿ ಅವಳ ಫಲಕದ ಮುಂದೆ ಎಷ್ಟೋ ಸಲ ಹಾದುಹೋಗಿದ್ದೇನೆ.

ಇದನ್ನು ಬರೆಯುವ ಮುನ್ನ ದಿನಾಂಕಗಳನ್ನು ತಾಳೆ ನೋಡಲೆಂದು ನಿನ್ನೆ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಆ ಸಾಲಿನ ವಾರ್ಷಿಕ ವರದಿ ತೆಗೆಸಿದೆ. ಆಪ್ತಸಮಾಲೋಚನೆ ವಿಭಾಗ, ಕೋರ್ಸ್ ತೊರೆದವರು: ಒಬ್ಬರು. ಕಾರಣ: ಸ್ವ-ಇಚ್ಛೆ. ದಿನಾಂಕ: ಜುಲೈ ಎರಡು. ಮನೆಗೆ ಬಂದು ನನ್ನ ಆ ವರ್ಷದ ದಿನಚರಿಯನ್ನು ಮತ್ತೊಮ್ಮೆ ನೋಡಿದೆ. ನಾವು ಹೋದದ್ದು ಒಂಬತ್ತಕ್ಕೇ. ದಾಖಲೆಯ ಪ್ರಕಾರ, ಆ ಕೊಠಡಿಯಲ್ಲಿ ಚಹಾ ಕುಡಿಯುತ್ತ ಆರು ತಿಂಗಳು ಬೇಡುತ್ತಿದ್ದ ಟೀಚರಮ್ಮ, ಅದಕ್ಕೆ ಒಂದು ವಾರ ಮೊದಲೇ ತಾವಾಗಿ ಹೊರಟುಹೋಗಿದ್ದರು.