ಹನ್ನೆರಡನೆಯ ಮಣಿ

ದೆವ್ವ, ಶಕುನ ಅಂದರೆ ನಗುವವಳು ನಾನು. ಇಪ್ಪತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿರುವವಳಿಗೆ ಅದಕ್ಕೆಲ್ಲ ಪುರುಸೊತ್ತೂ ಇರುವುದಿಲ್ಲ. ಆದರೂ ಐದು ವರ್ಷದ ಹಿಂದಿನ ಈ ಸಂಗತಿಯನ್ನು ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಬಸವೇಶ್ವರನಗರದ ನಮ್ಮ ನರ್ಸಿಂಗ್ ಹೋಮಿಗೆ ಶಿವಣ್ಣ ಎಂಬ ಲೇತ್ ಕೆಲಸಗಾರ ಬಂದಿದ್ದ. ನನ್ನ ತಮ್ಮನ ವಯಸ್ಸು. ಮುರಿದ ಕಾಲಿನ ಮೂಳೆಯಲ್ಲಿ ಕೀವು. ರೋಗಾಣುಗಳು ಮೂಳೆಯ ಮೇಲೆ ಲೋಳೆಯ ಪರೆ ಕಟ್ಟಿಕೊಂಡು ಕೂತರೆ ಮಾತ್ರೆ, ಡ್ರಿಪ್ಪು ಅಲ್ಲಿಗೆ ನಾಟುವುದಿಲ್ಲ. ಹಾಗಾಗಿ ಡಾಕ್ಟರು ಕೆಟ್ಟ ಮೂಳೆ ಕೆರೆದು ತೆಗೆದು, ಆಂಟಿಬಯೋಟಿಕ್ ಪುಡಿಯನ್ನು ಮೂಳೆ ಸಿಮೆಂಟಿಗೆ ಕಲಸಿ, ಮಣಿ ಮಾಡಿ, ತಂತಿಗೆ ಪೋಣಿಸಿ ಆ ಗುಳಿಯೊಳಗೆ ಇಟ್ಟರು. ಔಷಧಿ ತೀರಿದ ಮೇಲೆ ಅಷ್ಟನ್ನೂ ತೆಗೆಯಬೇಕು. ಒಂದು ಉಳಿದರೂ ಅದರ ಮೇಲೇ ಮತ್ತೆ ಪರೆ ಕಟ್ಟಬಹುದು. ಈ ಸಲ ಕೆಟ್ಟರೆ ಕಾಲು ತೆಗೆಯುವುದೇ ಎಂದು ಮೊದಲೇ ಹೇಳಿದ್ದರು. ಮಣಿ ಎಣಿಸುವುದು ನನ್ನ ಕೆಲಸ. ಹನ್ನೊಂದು ಎಂದು ಬರೆದೆ.

ಆರು ವಾರ ಕಳೆದು ಮಣಿ ತೆಗೆಯುವ ಬೆಳಿಗ್ಗೆ, ಟ್ರಾಲಿಯ ಮೇಲಿದ್ದ ಶಿವಣ್ಣ, "ಸಿಸ್ಟರ್, ಹನ್ನೆರಡೂ ತೆಗೆದ್ಬಿಡಿ, ಆಯ್ತಾ" ಅಂದ. "ಹನ್ನೊಂದು ಕಣಪ್ಪ" ಅಂದು ನಕ್ಕೆ.

ತಂತಿ ಎಳೆದಾಗ ಹನ್ನೊಂದೇ ಬಂದವು. ಡಾಕ್ಟರು ಹೊಲಿಗೆಗೆ ಕೈ ಚಾಚಿದರು. ನನಗೆ ಶಿವಣ್ಣನ ಮಾತು ನೆನಪಾಯಿತು. "ಸಾರ್, ಇನ್ನೊಂದ್ಸಲ ನೋಡ್ತೀರಾ?" ಅಂದೆ. "ನೀವೇ ಬರ್ದಿರೋದಲ್ವಾ ಸಿಸ್ಟರ್?" ಎಂದು ಗೊಣಗಿಕೊಂಡೇ ಬೆರಳು ಹಾಕಿದರು. ತಂತಿಯಿಂದ ಜಾರಿದ ಒಂದು ಮಣಿ ಮೂಳೆಯ ಸಂದಿಯಲ್ಲಿ ಸಿಕ್ಕಿತು. ಎಕ್ಸ್‌ರೇಯಲ್ಲಿ ಅದು ಬೇರೆ ಮಣಿಯ ಹಿಂದೆ ಮರೆಯಾಗಿತ್ತು. ನಾಚಿಕೆಯಿಂದ ನನ್ನ ಕಣ್ಣು ತುಂಬಿತು. ತಪ್ಪು ನನ್ನದು, ಹೋಗುತ್ತಿದ್ದುದು ಅವನ ಕಾಲು.

ಸಂಜೆ ವಾರ್ಡಿಗೆ ಹೋಗಿ, "ನಿಂಗೆ ಹೇಗಪ್ಪಾ ಗೊತ್ತಾಯ್ತು?" ಎಂದು ಕೇಳಿದೆ.

"ಅವತ್ತು ಮಣಿ ಇಡೋವಾಗ ನೀವೇ ಜೋರಾಗಿ ಎಣಿಸ್ತಿದ್ರಲ್ಲ ಸಿಸ್ಟರ್? ಲಾಭ, ಎರಡು, ಮೂರು ಅಂತ. ನಿಮ್ಮದೇ ದನಿ. ಹನ್ನೆರಡಕ್ಕೆ ನಿಲ್ಸಿದ್ರಿ."

ಅವತ್ತು ಅವನಿಗೆ ಪೂರ್ತಿ ಅರಿವಳಿಕೆ ಕೊಟ್ಟಿದ್ದರು. ಬಾಯಿಬಿಟ್ಟು ಎಣಿಸಬೇಕಾದದ್ದನ್ನು ನಾನು ಅವಸರದಲ್ಲಿ ಮನಸ್ಸಿನಲ್ಲೇ, ಒನ್ ಟೂ ಎಂದು ಎಣಿಸಿದ್ದೆ. ಮೊದಲನೆಯದಕ್ಕೆ ಒಂದು ಅನ್ನದೆ ಲಾಭ ಅನ್ನುತ್ತಿದ್ದವಳು ನಮ್ಮಮ್ಮ, ಸುಂಕದಕಟ್ಟೆಯ ಮನೆಯಲ್ಲಿ ಸೇರಿನಿಂದ ರಾಗಿ ಅಳೆಯುವಾಗ. ನನ್ನ ದನಿ ಥೇಟ್ ಅವಳದೇ ಎಂದು ನೆಂಟರು ಹೇಳುತ್ತಾರೆ. ಅವಳು ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು.

ಅರೆ ಎಚ್ಚರದಲ್ಲಿ ಏನೋ ಕೇಳಿಸಿಕೊಂಡಿರಬೇಕು ಎಂದರು ಡಾಕ್ಟರು. ಇರಬಹುದು. ಆದರೆ ಯಾರ ಮಾತನ್ನು? ನನಗಂತೂ ಇಂದಿಗೂ ಬಗೆಹರಿದಿಲ್ಲ. ಶಿವಣ್ಣ ಎರಡೂ ಕಾಲಿನ ಮೇಲೆ ನಿಂತು ಲೇತ್ ನಡೆಸುತ್ತಿದ್ದಾನೆ. ನಾನು ಈಗ ಮಣಿ ಎಣಿಸುವಾಗ ಬಾಯಿಬಿಟ್ಟು, ಲಾಭ ಎಂದೇ ಶುರು ಮಾಡುತ್ತೇನೆ.