ಪಿಕಪ್ಪಿನ ಮೇಲೆ ಬಿಗಿದ ಕೋಣೆ

1996ರಲ್ಲಿ, ಒಂಬತ್ತನೆಯ ತರಗತಿಯ ಅರ್ಧದಲ್ಲಿ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟದ್ದು. ಇಂಗ್ಲಿಷ್ ಪಾಠ ಓದಲು ಮಾಸ್ತರರು ಎಬ್ಬಿಸಿ ನಿಲ್ಲಿಸಿದರು, ಒಂದು ಸಾಲು ದಾಟಲಾಗಲಿಲ್ಲ, ಗಂಟೆ ಬಾರಿಸುವ ತನಕ ಹಾಗೇ ನಿಂತಿದ್ದೆ. ಮರುದಿನ ಪಾಟೀಚೀಲ ಮನೆಯಲ್ಲಿಟ್ಟು ಹುಬ್ಬಳ್ಳಿಯ ಲಾರಿ ಬಾಡಿ ಕಟ್ಟುವ ಶೆಡ್ಡಿಗೆ ಹೋದೆ. ಅಲ್ಲಿ ಇಪ್ಪತ್ತೈದು ವರ್ಷ ದುಡಿದೆ. ನಾನು ಕೂರಿಸಿದ ಬಾಡಿ ಚಾಸಿಯಿಂದ ಅಲುಗಿತೆಂದು ಯಾವ ಡ್ರೈವರನೂ ತಿರುಗಿ ಬಂದದ್ದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಜಂಬವೇ ಇರಬಹುದು, ಇರಲಿ.

ಹೆಂಡತಿ ನರ್ಸ್. ಅವಳಿಗೆ ನಾಟಿಂಗ್‌ಹ್ಯಾಮಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಅವಳ ಬೆನ್ನಿಗೆ ನಾನು ಬಂದೆ. ಅವಳ ವೀಸಾ ಕಾಗದ ಆಸ್ಪತ್ರೆಗೆ ಕಟ್ಟಿದೆ, ನನ್ನ ಕಾಗದ ಅವಳಿಗೆ. ಇಳಿದದ್ದು ಅವಳ ಸೋದರಮಾವನ ಮನೆಯಲ್ಲಿ. ಮಾಮಾ ಇಲ್ಲಿ ಮೂವತ್ತು ವರ್ಷ ಸರ್ಜನ್ ಆಗಿದ್ದು ಈಗ ನಿವೃತ್ತರು. ‘ಒಂದು ತಿಂಗಳು ಇರ್ರಿ, ಆಮ್ಯಾಲ ನೋಡೂಣು’ ಎಂದು ಮೇಲೆ ಸಾಮಾನು ತುಂಬುವ ಪುಟ್ಟ ಬಾಕ್ಸ್ ರೂಮ್ ಕೊಟ್ಟರು. ಮಂಚ ಹಾಕಿದ ಮೇಲೆ ಆ ಕೋಣೆಯ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ಅಡ್ಡ ತಿರುಗಿ ಒಳಗೆ ಹೋಗಬೇಕು. ಹಾಗೆ ಹೋಗಿ ಬಂದು ನಾಲ್ಕು ವರ್ಷವಾಯಿತು.

ಆ ಮನೆಯಲ್ಲಿ ಯಾರೂ ನಮಗೆ ಒಂದು ಕೆಟ್ಟ ಮಾತು ಆಡಿಲ್ಲ. ಆಡಿದ್ದರೆ ಚೀಲ ಎತ್ತಿಕೊಂಡು ಹೊರಡುತ್ತಿದ್ದೆ. ಮಾಮಾನ ಹೆಂಡತಿ, ಅತ್ತೆಯವರಿಗೆ, ಸಕ್ಕರೆ ಕಾಯಿಲೆ, ಕಣ್ಣೂ ಮಂದ; ಇನ್ಸುಲಿನ್ ಚುಚ್ಚುವವಳು ನನ್ನ ಹೆಂಡತಿ. ಬೇರೆ ಮನೆ ನೋಡುತ್ತೇವೆ ಎಂದರೆ ಅತ್ತೆ, ‘ಯಾಕಪಾ, ನಾವೇನರ ಅಂದ್ವಿ?’ ಎಂದು ಸೆರಗಿನಿಂದ ಕಣ್ಣು ಒರೆಸುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಗೋಡೆ ತೆಳು, ಮೆಟ್ಟಿಲು ಕಿರುಗುಟ್ಟುತ್ತದೆ. ಗಂಡ ಹೆಂಡತಿ ನಗಬೇಕೆಂದರೂ ದಿಂಬಿಗೆ ಬಾಯಿ ಒತ್ತಿ ನಗಬೇಕು.

ಒಂದು ಬೆಳಿಗ್ಗೆ ನೈಟ್ ಡ್ಯೂಟಿ ಮುಗಿಸಿದ ಅವಳನ್ನು ಕರೆತರಲು ನನ್ನ ಪಿಕಪ್ ತೆಗೆದುಕೊಂಡು ಹೋಗಿದ್ದೆ. ಮನೆಯ ತಿರುವು ಬರುತ್ತಿದ್ದಂತೆ, ‘ಇನ್ನೊಂದು ಸುತ್ತು ಹಾಕ್ರಿ’ ಎಂದಳು. ಹಾಕಿದೆ. ಆಮೇಲೆ ಹೇಳಿದಳು: ‘ರೀ, ಯಾರ ಮನ್ಯಾಗೂ ಅಲ್ಲದಂಗ ಒಂದು ರಾತ್ರಿ ಮಲಗಬೇಕ್ರಿ. ಹೋಟೆಲ್ ಬ್ಯಾಡ. ನಮ್ಮದ ಆಗಿರಬೇಕು.’

ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ನಾನು ವ್ಯಾನ್ ರಿಪೇರಿ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಪಿಕಪ್ಪಿನ ಬೆನ್ನ ಮೇಲೆ ಕೂರಿಸುವ ಕ್ಯಾಂಪರುಗಳನ್ನು ಅಲ್ಲಿ ನೋಡಿದ್ದೆ. ಓಡುವಾಗ ಚಾವಣಿ ಕುಗ್ಗಿರುತ್ತದೆ, ನಿಲ್ಲಿಸಿದ ಮೇಲೆ ಮೇಲಕ್ಕೆ ತಳ್ಳಿದರೆ ಸುತ್ತ ಬಟ್ಟೆಯ ಗೋಡೆ ಏಳುತ್ತದೆ. ಒಳಗೆ ಹಾಸಿಗೆ, ಒಲೆ, ಪುಟ್ಟ ತೊಟ್ಟಿ. ಹಳೆಯದೊಂದು ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ಮಾರಾಟಕ್ಕಿದೆ ಎಂದು ಗೊತ್ತಾಗಿ ಹೋದೆ. ನಾಲ್ಕು ಕಾಲಿನ ಜಾಕ್ ಮೇಲೆ ಅದು ಹಿತ್ತಲಲ್ಲಿ ನಿಂತಿತ್ತು, ಹಾಲು ಕರೆಯಲು ಕಾದ ಎಮ್ಮೆಯ ಹಾಗೆ. ಮಾರುವವನು ವಯಸ್ಸಾದ ಇಂಗ್ಲಿಷಿನವನು. ಪಿಕಪ್ಪನ್ನು ಅದರ ಹೊಟ್ಟೆಯಡಿಗೆ ಹಿಮ್ಮುಖವಾಗಿ ನುಗ್ಗಿಸಿ, ಜಾಕ್ ಇಳಿಸಿ, ನಾಲ್ಕು ಮೂಲೆಗೆ ಸ್ಪ್ರಿಂಗ್ ಇದ್ದ ಸರಪಳಿ ಹಾಕಿ ಕೊಕ್ಕೆ ಬಿಗಿದ. ಇಪ್ಪತ್ತು ನಿಮಿಷ. ಬಳಿಕ ದಪ್ಪನೆಯ ಫೈಲೊಂದನ್ನು ಕೈಗಿಟ್ಟು, ಮೊದಲು ನಾಲ್ಕನೆಯ ಪುಟ ಓದು, ಉಳಿದದ್ದು ಯಾವಾಗ ಬೇಕಾದರೂ ಓದು ಎಂದ. ನಾನು ಎಸ್ ಎಸ್ ಎಂದೆ. ತಿಳಿಯದ್ದಕ್ಕೆಲ್ಲ ಎಸ್ ಎನ್ನುವುದನ್ನು ಈ ದೇಶಕ್ಕೆ ಬಂದ ಮೊದಲ ವಾರವೇ ಕಲಿತಿದ್ದೆ.

ದಾರಿಯುದ್ದಕ್ಕೂ ಆ ಸರಪಳಿ ನನ್ನ ತಲೆ ತಿಂದಿತು. ನಾಯಿ ಕಟ್ಟುವ ಸರಪಳಿಯಲ್ಲಿ ಮನೆ ಕಟ್ಟುವುದೇ? ಹುಬ್ಬಳ್ಳಿಯಲ್ಲಿ ಹೀಗೆ ಬಾಡಿ ಕಳಿಸಿದ್ದರೆ ನನಗೆ ಕೆಲಸ ಕಲಿಸಿದ ಉಸ್ತಾದ್ ನಟ್ಟು ಬಿಗಿಯುವ ಪಾನಾದಿಂದ ಮೊಣಕೈಗೆ ಬಡಿಯುತ್ತಿದ್ದರು.

ಭಾನುವಾರ ಮಾಮಾನ ಮನೆಯ ಮುಂದೆ ಸರಪಳಿ ಬಿಚ್ಚಿ ಮೂಲೆಗೆ ಎಸೆದೆ. ಎಂಟು ಯು ಬೋಲ್ಟ್ ತಂದಿದ್ದೆ. ಪಿಕಪ್ಪಿನ ತಳಕ್ಕೆ ಹದಿನಾರು ತೂತು ಕೊರೆದು, ಕ್ಯಾಂಪರಿನ ಕೆಳಗಿನ ಚೌಕಟ್ಟನ್ನು ಚಾಸಿಗೆ ಬಿಗಿಯತೊಡಗಿದೆ. ಲಾರಿಗಾದರೆ ಚಾಸಿಗೂ ಬಾಡಿಗೂ ನಡುವೆ ಕಟ್ಟಿಗೆಯ ಪಟ್ಟಿ ಹಾಕುತ್ತೇವೆ. ಇದೇನು ಹತ್ತು ಟನ್ ಹೊರುವುದೇ ಎಂದು ಅದನ್ನು ಬಿಟ್ಟೆ.

ಮಾಮಾ ಚಹಾದ ಕಪ್ಪು ಹಿಡಿದು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು.

‘ಅಳಿಯಾರ, ಪುಸ್ತಕ ನೋಡೀರೇನು?’

‘ಮಾಮಾ, ಹೊಟ್ಟಿ ಕೊಯ್ಯೂಮುಂದ ನೀವು ಪುಸ್ತಕ ನೋಡ್ತಿದ್ರೇನ್ರಿ?’

‘ಮೊದಲನೇ ಸಲ ನೋಡಿದ್ದೆ.’

‘ನಂದು ಮೊದಲನೇ ಸಲ ಅಲ್ರಿ.’

‘ಅದೂ ಖರೆ,’ ಎಂದು ಅವರು ಕಿಟಕಿ ಮುಚ್ಚಿಕೊಂಡರು.

ರಾತ್ರಿ ಊಟದ ಹೊತ್ತಿಗೆ ಹೆಂಡತಿಯೂ ಅದನ್ನೇ ಕೇಳಿದಳು. ‘ನೋಡೀನಿ’ ಎಂದೆ.

ಅವಳ ಡ್ಯೂಟಿ ಪಟ್ಟಿ ರೋಟಾದಲ್ಲಿ ಶನಿವಾರ ಭಾನುವಾರ ಎರಡೂ ರಜೆ ಬರಲು ಐದು ವಾರ ಹಿಡಿಯಿತು. ಎರಡು ದಿನದ ಇನ್ಸುಲಿನ್ ಮಾಮಾ ವಹಿಸಿಕೊಂಡರು. ಅಂದು ಅತ್ತೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, ಕೈಯಿಂದ ತಡವಿ ತಡವಿ ಬಾನೆಟ್ಟಿನ ಮೇಲೆ ವಿಭೂತಿ ಎಳೆದರು. ನಾವು ಹೋದದ್ದು ಡರ್ಬಿಶೈರಿನ ಒಂದು ಹೊಲಕ್ಕೆ, ರೈತ ಅದನ್ನು ಕ್ಯಾಂಪಿನವರಿಗೆ ಬಿಟ್ಟಿದ್ದ. ಅವನು ತೋರಿಸಿದ ಜಾಗದಲ್ಲಿ ನಿಲ್ಲಿಸಿದೆ. ಹಿಂದಿನ ಎಡಗಾಲಿ ಒಂದು ತಗ್ಗಿಗೆ ಇಳಿಯಿತು. ನಾನು ಲಕ್ಷ್ಯ ಕೊಡಲಿಲ್ಲ. ಒಳಗೆ ಹೋದೆವು, ಗಾಳಿ ಬೀಸುತ್ತಿತ್ತೆಂದು ಬಾಗಿಲನ್ನು ಜೋರಾಗಿ ಎಳೆದುಕೊಂಡೆ. ಚಾವಣಿ ಏಳುವಾಗ ಒಂದು ಮೂಲೆ ಬಿಗಿಯಾಗಿತ್ತು, ಭುಜ ಕೊಟ್ಟೆ, ಎದ್ದಿತು. ಅವಳು ಚಹಾ ಮಾಡಿದಳು. ಕುಡಿದು ನೀರು ತರಲು ಎದ್ದೆ. ಬಾಗಿಲು ತೆರೆಯಲಿಲ್ಲ.

ತಳ್ಳಿದೆ. ಭುಜದಿಂದ ಗುದ್ದಿದೆ. ಬಾಗಿಲಿಗೂ ಚೌಕಟ್ಟಿಗೂ ಮೇಲೆ ಕೂದಲೆಳೆಯಷ್ಟೂ ಸಂದಿಲ್ಲ, ಕೆಳಗೆ ಬೆರಳು ಹೋಗುವಷ್ಟು. ಪಾನಾ, ಸ್ಕ್ರೂಡ್ರೈವರಿನ ಚೀಲ ಮುಂದೆ ಡ್ರೈವರ್ ಸೀಟಿನ ಹಿಂದೆ. ಬಟ್ಟೆಯ ಕಿಟಕಿಯ ಜಿಪ್ ಎಳೆದರೆ ತೋಳು ಹೋಗುತ್ತದೆ, ಮೈ ಹೋಗುವುದಿಲ್ಲ. ಎರಡು ಹೆಜ್ಜೆ ಉದ್ದ, ಒಂದೂವರೆ ಹೆಜ್ಜೆ ಅಗಲ. ಬಾಕ್ಸ್ ರೂಮಿನ ಬಾಗಿಲು ಅರ್ಧವಾದರೂ ತೆರೆಯುತ್ತಿತ್ತು.

‘ಯಾರನ್ನರ ಕರೀರಿ,’ ಎಂದಳು.

‘ಬ್ಯಾಡ.’

‘ಮಾಮಾಗ ಫೋನ್ ಮಾಡ್ಲೇನು?’

‘ಸತ್ತರೂ ಬ್ಯಾಡ.’

‘ಸಾಯೂದು ಬ್ಯಾಡ್ರಿ, ಸೋಮವಾರ ನಂಗ ಡ್ಯೂಟಿ ಅದ.’

ನಾನು ನಗಲಿಲ್ಲ. ಅವಳು ಚಪ್ಪಲಿ ಬಿಟ್ಟು, ಹಾಸಿಗೆ ಹತ್ತಿ ಮಲಗಿದಳು. ಎರಡು ನಿಮಿಷದಲ್ಲಿ ಗೊರಕೆ. ನಾನು ಕೆಳಗೆ ಮೊಣಕಾಲು ಮಡಿಸಿ ಕೂತೆ. ಹೊರಗೆ ಮಕ್ಕಳು ಚೆಂಡು ಆಡುತ್ತಿದ್ದರು, ಯಾರೋ ಮಾಂಸ ಸುಡುತ್ತಿದ್ದರು. ಒಂದು ಕೂಗು ಹಾಕಿದರೆ ಹತ್ತು ಜನ ಬರುತ್ತಿದ್ದರು. ಬಂದು ಕೇಳುತ್ತಿದ್ದರು, ಇದನ್ನು ಕೂರಿಸಿದವರು ಯಾರು ಎಂದು.

ಹೆಚ್ಚುಕಡಿಮೆ ಮೂರು ಗಂಟೆ ಕಳೆದ ಮೇಲೆ ನನಗೆ ತಡೆಯಲಾಗಲಿಲ್ಲ. ಎದ್ದು, ಬೆನ್ನು ಒಲೆಗೆ ಆನಿಸಿ, ಒದೆಯಲು ಕಾಲೆತ್ತಿದೆ. ಚೌಕಟ್ಟು ಅಲ್ಯೂಮಿನಿಯಮ್, ಒಂದೇ ಏಟಿಗೆ ಹೋಗುತ್ತಿತ್ತು.

‘ಮುರದ್ರ ರಾತ್ರಿ ಎಲ್ಲಿ ಮಲಗೂದ್ರಿ?’

ಅವಳು ಎದ್ದು ಕೂತಿದ್ದಳು. ಕಾಲು ಇಳಿಸಿದೆ.

ಅವಳು ಫೈಲು ಕೇಳಿದಳು. ಕೊಟ್ಟೆ. ‘ಯಾವ ಪುಟ?’ ‘ನಾಲ್ಕು ಅಂದಿದ್ದ.’ ಒಂದು ಸಲ ತನ್ನಷ್ಟಕ್ಕೆ ಓದಿಕೊಂಡು, ಆಸ್ಪತ್ರೆಯಲ್ಲಿ ರೋಗಿಯ ಮನೆಯವರಿಗೆ ಹೇಳುವ ದನಿಯಲ್ಲಿ ಹೇಳಿದಳು: ‘ಇದನ್ನ ಗಾಡಿಗೆ ಬೋಲ್ಟ್ ಹಾಕಿ ಬಿಗೀಬ್ಯಾಡ್ರಿ ಅಂತದ. ಏರುಪೇರು ನೆಲದ ಮ್ಯಾಲ ಗಾಡಿ ತಿರುಚ್ತದ. ಸ್ಪ್ರಿಂಗ್ ಇದ್ರ ಕ್ಯಾಂಪರ್ ತನ್ನ ಪಾಡಿಗೆ ತಾ ಕೂಡ್ತದ. ಬೋಲ್ಟ್ ಹಾಕಿದ್ರ ಅದೂ ಕೂಡೇ ತಿರುಚಿ ಬಾಗಲಾ ಹಿಡೀತದ.’

ಉಸ್ತಾದರ ಮಾತು ಆಗ ನೆನಪಾಯಿತು. ಕಟ್ಟಿಗೆಯ ಪಟ್ಟಿ ಯಾಕೆ ಎಂದು ಮೊದಲ ವರ್ಷ ಕೇಳಿದ್ದೆ. ‘ಲಾರಿ ಹಾದ್ಯಾಗ ಮೈ ಮುರೀತದಲೇ, ಅದಕ್ಕ ಜಾಗಾ ಬಿಡಬೇಕು,’ ಎಂದಿದ್ದರು. ಪುಟದಲ್ಲಿದ್ದದ್ದು ಅದೇ. ಓದದೆಯೂ ನನಗೆ ಗೊತ್ತಿದ್ದದ್ದು. ಗಟ್ಟಿ ಮಾಡುವ ಹಟದಲ್ಲಿ ಅದನ್ನೂ ಬಿಟ್ಟಿದ್ದೆ.

‘ನೋಡೀನಿ ಅಂದಿದ್ರಿ,’ ಎಂದಳು.

‘ನೋಡಿದ್ದೆ. ಓದಾಕ ಬರೂದಿಲ್ಲ ನಂಗ.’

ಈ ಮಾತನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಕನ್ನಡ ಪತ್ರಿಕೆ ಓದುತ್ತೇನೆ, ಬೋರ್ಡು ಓದುತ್ತೇನೆ. ಇಂಗ್ಲಿಷಿನ ಪುಟ ಕಂಡರೆ ಈಗಲೂ ಮಾಸ್ತರರ ಮುಂದೆ ನಿಂತ ಹಾಗಾಗುತ್ತದೆ.

‘ಗೊತ್ತದ,’ ಎಂದಳು.

‘ಯಾವಾಗಿಂದ?’

‘ಮದುವ್ಯಾದ ವಾರದಿಂದ. ಔಷಧದ ಚೀಟಿ ಹಿಡಕೊಂಡು ಎಷ್ಟು ಶಾಣ್ಯಾರಂಗ ತಲಿ ಅಲ್ಲಾಡಸ್ತಿದ್ರಿ! ಉಲ್ಟಾ ಹಿಡದಿದ್ರಿ.’

ಆಮೇಲೆ ಅವಳು ಬಾಯಿಗೆ ದಿಂಬು ಒತ್ತಿಕೊಳ್ಳದೆ ನಕ್ಕಳು.

ಪಕ್ಕದ ಟೆಂಟಿನ ಮುದುಕಿ ನಾಯಿ ಹಿಡಿದುಕೊಂಡು ಹೋಗುತ್ತಿದ್ದಳು. ಜಿಪ್ ಎಳೆದು, ಕೈ ಹೊರಚಾಚಿ, ಎಕ್ಸ್‌ಕ್ಯೂಸ್ ಮಿ ಎಂದೆ. ಬಾಗಿಲು ಸಿಕ್ಕಿಕೊಂಡಿದೆ, ಗಾಡಿಯನ್ನು ಎರಡು ಅಡಿ ಮುಂದೆ ತಗ್ಗಿನಿಂದ ಮೇಲೆ ತಂದರೆ ಸಾಕು ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಗಾಡಿಯ ಕೀಲಿಯನ್ನು ನಾನು ಯಾರಿಗೂ ಕೊಡುವುದಿಲ್ಲ. ಅವಳ ಅಂಗೈಗೆ ಹಾಕಿದೆ.

‘ಎಷ್ಟು ಹೊತ್ತಾಯಿತು ಒಳಗೆ?’ ಎಂದು ಕೇಳಿದಳು.

‘ಮೂರು ಗಂಟೆ.’

‘ಟೀ ಆಯಿತೋ?’

‘ಆಯಿತು.’

‘ಹಾಗಾದರೆ ಅವಸರವಿಲ್ಲ,’ ಎಂದು ಮೊದಲು ನಾಯಿಯನ್ನು ಕಂಬಕ್ಕೆ ಕಟ್ಟಿಬಂದಳು.

ಗಾಲಿ ತಗ್ಗಿನಿಂದ ಏರಿತು. ಎಲ್ಲೋ ಟಕ್ ಎಂದಿತು. ಯಾರೂ ಮುಟ್ಟದೆ ಬಾಗಿಲು ತಾನಾಗಿ ಒಂದು ಗೇಣು ತೆರೆದುಕೊಂಡಿತು.

ಎರಡು ರಾತ್ರಿ ಅಲ್ಲೇ ಮಲಗಿದೆವು. ಬಾಗಿಲು ಪೂರ್ತಿ ಮುಚ್ಚಲು ನನಗೆ ಧೈರ್ಯವಾಗದೆ ಹಗ್ಗ ಕಟ್ಟಿ ಓರೆ ಇಟ್ಟಿದ್ದೆ. ಚಳಿಗೆ ಅವಳು ಬೈದುಕೊಂಡೇ ಮಲಗಿದಳು, ಗಟ್ಟಿಯಾಗಿ ಬೈದುಕೊಂಡು. ಸೋಮವಾರ ಬೆಳಿಗ್ಗೆ ನಸುಕಿನಲ್ಲಿ ಆಸ್ಪತ್ರೆಗೆ ಬಿಟ್ಟು, ಸಂಜೆ ಮನೆಯ ಮುಂದೆ ಬೋಲ್ಟ್ ಬಿಚ್ಚತೊಡಗಿದೆ. ಕಿಟಕಿ ತೆರೆಯಿತು.

‘ಅಳಿಯಾರ, ಹಾಕಿದ್ದು ತೆಗಿಯಾಕತ್ತೀರಿ?’

‘ಪುಸ್ತಕದಾಗ ಹಂಗ ಅದ ಮಾಮಾ.’

ನಗುತ್ತಾರೆಂದು ಕಾದೆ. ಅವರು ಚಪ್ಪಲಿ ಮೆಟ್ಟಿ ಹೊರಗೆ ಬಂದು, ‘ಪಾನಾ ಎಲ್ಲಿ ಹಿಡೀಲಿ ಹೇಳ್ರಿ,’ ಎಂದರು. ಸರ್ಜನ್ನರ ಕೈ, ಒಂದು ನಟ್ಟೂ ಜಾರಲಿಲ್ಲ. ಎಂಟೂ ಬಿಚ್ಚಿದ ಮೇಲೆ, ‘ಅಡಿಗಿ ಆಗೇದ, ಒಳಗ ಬರ್ರಿ,’ ಎಂದರು. ಒಳಗೆ ಹೋದೆ. ಉಂಡು ಮೇಲೆ ಹತ್ತಿದೆ. ಅಡ್ಡ ತಿರುಗಿ ಕೋಣೆ ಸೇರಿದೆ.

ಈಗ ಇರುವುದು ಇಷ್ಟು. ಪಿಕಪ್ ಒಂದು, ತಳದಲ್ಲಿ ರಬ್ಬರ್ ತುಂಬಿದ ತೂತು ಹದಿನಾರು. ಕ್ಯಾಂಪರ್ ಒಂದು. ಸ್ಪ್ರಿಂಗ್ ಸರಪಳಿ ನಾಲ್ಕು. ಎಣ್ಣೆ ಹಚ್ಚಿ ಡಬ್ಬಿಯಲ್ಲಿಟ್ಟ ಯು ಬೋಲ್ಟ್ ಎಂಟು. ಹೆಂಡತಿಯ ಜೊತೆ ಕೂತು ಓದಿದ ಇಂಗ್ಲಿಷ್ ಪುಟ ಆರು. ಆಸ್ಪತ್ರೆಯ ಕಾಗದ ಬಿಚ್ಚಲು ಉಳಿದ ತಿಂಗಳು ಹದಿನಾಲ್ಕು. ಬಾಕ್ಸ್ ರೂಮ್ ಒಂದು, ಅದು ನಮ್ಮದಲ್ಲ. ಯಾರ ಮನೆಯಲ್ಲೂ ಅಲ್ಲದ ಹಾಗೆ ಮಲಗಿದ ರಾತ್ರಿ ಹನ್ನೊಂದು.